ಐದು ದಿನದ ಮಾತಿಗೆ ಐದು ತಿಂಗಳು ಕಾಯಿಸಿದ್ದು ಯಾಕೆ? ಹಾಲಿವುಡ್ ಸ್ಟುಡಿಯೋ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಸ್ಟುಡಿಯೋ, ಚಾನೆಲ್ ಮತ್ತು ಸ್ಟ್ರೀಮಿಂಗ್ ಕಂಪನಿಗಳನ್ನು ನಡೆಸುತ್ತಿರುವ ಎಲ್ಲರಿಗೂ ನಮಸ್ಕಾರ.

ನಾನು ಅಮೆರಿಕದ ಸಿನಿಮಾ, ಟಿವಿ ಬರಹಗಾರರ ಸಂಘವಾದ ರೈಟರ್ಸ್ ಗಿಲ್ಡ್‌ನ ಸದಸ್ಯನಲ್ಲ. ನಿಮ್ಮ ಉದ್ಯಮದಲ್ಲಿ ನನಗೆ ಯಾವ ಕೆಲಸವೂ ಇಲ್ಲ. ನೀವು ತಯಾರಿಸುವ ಸೀರಿಯಲ್‌ಗಳನ್ನು ಸಬ್‌ಟೈಟಲ್ ಹಾಕಿಕೊಂಡು, ನಿದ್ದೆಗೆಟ್ಟು ನೋಡುವ ಅಸಂಖ್ಯಾತ ಜನರಲ್ಲಿ ನಾನೂ ಒಬ್ಬ, ಅಷ್ಟೇ. ಮುಷ್ಕರ ಅಂದರೆ ಬರಹಗಾರರಿಗೂ ನಿಮಗೂ ಇರುವ ಜಗಳ, ನಮಗೇನು ಅಂತ ಸುಮ್ನೆ ಇರಬಹುದಿತ್ತು. ಆದರೆ ಪ್ರತಿ ಸಲವೂ ಆ ಜಗಳದ ಪೆಟ್ಟು ಬೀಳುವುದು ನಾವು ನೋಡುವ ಕಾರ್ಯಕ್ರಮದ ಮೇಲೆ. ಅದಕ್ಕೇ ಈ ಪತ್ರ.

ನೇರವಾಗಿ ಕೇಳುತ್ತೇನೆ. 2023ರ ಮೇ 2ಕ್ಕೆ ಸುಮಾರು 11,500 ಬರಹಗಾರರು ಕೆಲಸ ನಿಲ್ಲಿಸಿದರು. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನೀವು ಅವರ ಜೊತೆ ಮಾತುಕತೆಗೆ ಕೂರಲೇ ಇಲ್ಲ. ಆಗಸ್ಟ್‌ನಲ್ಲಿ ಒಂದಷ್ಟು ಪ್ರಸ್ತಾಪಗಳು ಓಡಾಡಿದವು, ಮತ್ತೆ ನಿಂತವು. ಕೊನೆಗೆ ಸೆಪ್ಟೆಂಬರ್ 20ರಂದು ಡಿಸ್ನಿಯ ಬಾಬ್ ಐಗರ್, ನೆಟ್‌ಫ್ಲಿಕ್ಸ್‌ನ ಟೆಡ್ ಸರಾಂಡೊಸ್, ವಾರ್ನರ್ ಬ್ರದರ್ಸ್ ಡಿಸ್ಕವರಿಯ ಡೇವಿಡ್ ಝಾಸ್ಲಾವ್, ಎನ್‌ಬಿಸಿ ಯೂನಿವರ್ಸಲ್‌ನ ಡೊನ್ನಾ ಲ್ಯಾಂಗ್ಲಿ, ಈ ನಾಲ್ವರೂ ಸ್ವತಃ ಬಂದು ಬರಹಗಾರರ ಎದುರು ಕೂತರು. 24ನೇ ತಾರೀಖು ಒಪ್ಪಂದ ಆಗಿಯೇ ಹೋಯಿತು. ಐದು ದಿನ! ಹಾಗಾದರೆ ಅದಕ್ಕೆ ಮುಂಚಿನ ಸುಮಾರು ಐದು ತಿಂಗಳು ಏನು ನಡೆಯುತ್ತಿತ್ತು? ಮೇ ತಿಂಗಳಲ್ಲಿ ಬರಲು ಆಗದಷ್ಟು ದೂರದಲ್ಲಿ ಆ ಕೋಣೆ ಇತ್ತಾ?

ದುಡ್ಡಿನ ವಿಷಯವನ್ನೂ ನೋಡಿ. ಗಿಲ್ಡ್ ಹೇಳಿದ ಲೆಕ್ಕ ಇದು. ಅವರು ಕೇಳಿದ್ದರ ಒಟ್ಟು ಮೊತ್ತ ವರ್ಷಕ್ಕೆ ಸುಮಾರು 42.9 ಕೋಟಿ ಡಾಲರ್. ಮುಷ್ಕರಕ್ಕೆ ಮೊದಲು ನೀವು ಕೊಡುತ್ತೇವೆ ಅಂದದ್ದು ಸುಮಾರು 8.6 ಕೋಟಿ. ಕೊನೆಗೆ ಒಪ್ಪಿದ್ದು ಸುಮಾರು 23.3 ಕೋಟಿ. ಅಂದರೆ ನಿಮ್ಮ ಮೊದಲ ಮಾತಿಗೂ ಕೊನೆಯ ಮಾತಿಗೂ ಇದ್ದ ಅಂತರ ವರ್ಷಕ್ಕೆ 14.7 ಕೋಟಿ ಡಾಲರ್, ಅದೂ ಎಲ್ಲ ಕಂಪನಿಗಳೂ ಸೇರಿ ಹಂಚಿಕೊಳ್ಳುವ ಮೊತ್ತ. ಆ ವರ್ಷದ ಬರಹಗಾರರ ಮತ್ತು ನಟರ ಮುಷ್ಕರಗಳು ಕ್ಯಾಲಿಫೋರ್ನಿಯಾದ ಆರ್ಥಿಕತೆಗೆ ಕೊಟ್ಟ ಹೊಡೆತವನ್ನು ಅರ್ಥಶಾಸ್ತ್ರಜ್ಞರು 500 ಕೋಟಿ ಡಾಲರ್ ಅಥವಾ ಅದಕ್ಕೂ ಮೇಲೆ ಅಂತ ಅಂದಾಜು ಮಾಡಿದರು. ಇದನ್ನು ಯಾವ ವ್ಯಾಪಾರದ ಬುದ್ಧಿ ಅನ್ನಬೇಕು? ನನಗಂತೂ ತಿಳಿಯಲಿಲ್ಲ.

ಬರೆಯುವುದು ನಿಂತಾಗ ಟಿವಿ ಹೇಗೆ ನಿಲ್ಲುತ್ತದೆ ಅನ್ನುವುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೂ ನೋಡುಗರ ಕಡೆಯಿಂದ ಅದು ಹೇಗೆ ಕಾಣುತ್ತದೆ ಅಂತ ಹೇಳಬೇಕು. ಮೊದಲ ದಿನವೇ ಹೋಗುವುದು ಲೇಟ್ ನೈಟ್ ಶೋಗಳು, ಅಂದರೆ ತಡರಾತ್ರಿಯ ಹಾಸ್ಯ, ಹರಟೆಯ ಕಾರ್ಯಕ್ರಮಗಳು, ಯಾಕಂದರೆ ಆವತ್ತಿನ ಸುದ್ದಿಗೆ ಆವತ್ತೇ ಬರೆಯಬೇಕು, ನಾಳೆಗೆ ಅದು ಹಳಸು. 2023ರಲ್ಲಿ ಮೇ 2ಕ್ಕೇ ಅವೆಲ್ಲ ಮರುಪ್ರಸಾರಕ್ಕೆ ಇಳಿದವು, ಮತ್ತೆ ಹೊಸದು ಬಂದದ್ದು ಅಕ್ಟೋಬರ್‌ನಲ್ಲಿ. ಸ್ಯಾಟರ್ಡೇ ನೈಟ್ ಲೈವ್ ಆ ವಾರದ ಎಪಿಸೋಡನ್ನೇ ರದ್ದು ಮಾಡಿ ಸೀಸನ್ ಮುಗಿಸಿಬಿಟ್ಟಿತು. ಹಗಲು ಹೊತ್ತಿನ ಸೀರಿಯಲ್‌ಗಳ ಹತ್ತಿರ ಕೆಲವು ವಾರಗಳ ಸ್ಕ್ರಿಪ್ಟ್ ಇರುತ್ತದೆ, ಹಾಗಾಗಿ ಅವು ಸ್ವಲ್ಪ ದಿನ ನಡೆಯುತ್ತವೆ. ಆಮೇಲೆ ಕಾಮಿಡಿಗಳು, ಡ್ರಾಮಾಗಳು. ಸ್ಟ್ರೀಮಿಂಗ್‌ನಲ್ಲಿ ಮುಂಚೆಯೇ ಚಿತ್ರೀಕರಿಸಿಟ್ಟ ದಾಸ್ತಾನು ಜಾಸ್ತಿ ಇರುವುದರಿಂದ ಅಲ್ಲಿ ಪೆಟ್ಟು ತಡವಾಗಿ ಕಾಣುತ್ತದೆ, ಒಂದು ವರ್ಷ, ಕೆಲವು ಸಲ ಎರಡು ವರ್ಷ. ಅಷ್ಟೊತ್ತಿಗೆ ಮುಷ್ಕರ ಯಾರಿಗೂ ನೆನಪಿರುವುದಿಲ್ಲ. "ಈ ಸೀರಿಯಲ್‌ನವರಿಗೆ ಸೋಮಾರಿತನ, ಎರಡು ವರ್ಷಕ್ಕೊಂದು ಸೀಸನ್ ಮಾಡುತ್ತಾರೆ" ಅಂತ ಜನ ಬೈಯುವುದು ಬರೆದವರನ್ನೇ.

ಮುಷ್ಕರ ಯಾವ ತಿಂಗಳಲ್ಲಿ ಶುರುವಾಗುತ್ತದೆ ಅನ್ನುವುದರ ಮೇಲೂ ಬಹಳ ನಿಂತಿದೆ. ನಿಮ್ಮ ದೊಡ್ಡ ಚಾನೆಲ್‌ಗಳ ಹೊಸ ಸೀಸನ್ ಸೆಪ್ಟೆಂಬರ್ ಕೊನೆಗೆ ಬರುತ್ತದೆ. ಅದಕ್ಕೆ ಬರಹಗಾರರು ಮೇ ಕೊನೆಗೋ ಜೂನ್‌ಗೋ ಸೇರಿ ಕಥೆ ಕಟ್ಟಬೇಕು, ಜುಲೈ ಆಗಸ್ಟ್‌ನಲ್ಲಿ ಶೂಟಿಂಗ್ ಶುರುವಾಗಬೇಕು. ಮೇ ತಿಂಗಳಲ್ಲೇ ಕೆಲಸ ನಿಂತರೆ ಆ ಶರತ್ಕಾಲವೇ ಹೋಯಿತು ಅಂತ ಲೆಕ್ಕ. 2023ರಲ್ಲಿ ಆದದ್ದು ಅದೇ. ಸಿಬಿಎಸ್ ತನ್ನ ಸಂಜೆಗಳನ್ನು ತುಂಬಿಸಲು ಯೆಲ್ಲೋಸ್ಟೋನ್‌ನ ಮೊದಲ ಸೀಸನ್ ತಂದು ಹಾಕಿತು. ಅದು ಕೇಬಲ್‌ನಲ್ಲಿ 2018ರಲ್ಲೇ ಬಂದು ಹೋಗಿತ್ತು. ತನ್ನದೇ ಕಾಮಿಡಿ ಸೀರಿಯಲ್ ಗೋಸ್ಟ್ಸ್ ಬರೆಯುವವರಿಲ್ಲದೆ ನಿಂತಾಗ ಅದರ ಬ್ರಿಟಿಷ್ ಮೂಲವನ್ನು ತಂದು ತೋರಿಸಿತು. ಎಬಿಸಿಯಲ್ಲಿ ರಿಯಾಲಿಟಿ ಶೋ, ಗೇಮ್ ಶೋಗಳೇ ತುಂಬಿಕೊಂಡವು. ಅಬಾಟ್ ಎಲಿಮೆಂಟರಿಯ ಮೂರನೇ ಸೀಸನ್ 2024ರ ಫೆಬ್ರವರಿಗೆ ಹೋಯಿತು, ಅದೂ 14 ಎಪಿಸೋಡ್‌ಗೆ ಇಳಿದು. ಸೆಪ್ಟೆಂಬರ್‌ನಲ್ಲಿ ಆಗಬೇಕಿದ್ದ ಎಮ್ಮಿ ಪ್ರಶಸ್ತಿ ಸಮಾರಂಭ ಮರುವರ್ಷ ಜನವರಿ 15ಕ್ಕೆ ನಡೆಯಿತು.

ನವೆಂಬರ್‌ನಲ್ಲಿ ಶುರುವಾದರೆ ಬೇರೆ ಥರದ ನೋವು. 2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ ನೂರು ದಿನ ಮುಷ್ಕರ ನಡೆಯಿತು. ಆಗ ಸೀಸನ್ ಅರ್ಧ ದಾರಿಯಲ್ಲಿತ್ತು. ಕಥೆ ಮಧ್ಯದಲ್ಲಿ ತುಂಡಾಗುವುದು ಅಂದರೆ ಏನು ಅಂತ ನಮಗೆ ಗೊತ್ತಾದದ್ದು ಆವಾಗಲೇ. ಹೀರೋಸ್ ಎರಡನೇ ಸೀಸನ್ 24 ಎಪಿಸೋಡ್ ಆಗಬೇಕಿತ್ತು, 11ಕ್ಕೇ ಮುಗಿಸಿದರು. ಮುಂದಿನ ಭಾಗಕ್ಕೆ ಅಂತ ಇಟ್ಟಿದ್ದ ಸಾಂಕ್ರಾಮಿಕ ರೋಗದ ಕಥೆಯನ್ನೇ ಕೈಬಿಟ್ಟು, ಕೊನೆಯ ಎಪಿಸೋಡಿನ ಅಂತ್ಯ ಬದಲಾಯಿಸಿದರು. ಆ ಸೀಸನ್ ಮುಷ್ಕರಕ್ಕೆ ಮೊದಲೇ ಎಡವುತ್ತಿತ್ತು ಅನ್ನುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಡವಿದ್ದನ್ನು ತಿದ್ದಿಕೊಳ್ಳಲು ಉಳಿದಿದ್ದ ಹದಿಮೂರು ಎಪಿಸೋಡ್‌ಗಳೇ ಹೋದವಲ್ಲ. ಫ್ರೈಡೇ ನೈಟ್ ಲೈಟ್ಸ್ 22ರ ಬದಲು 15ಕ್ಕೆ ನಿಂತಿತು. ಆ ಸೀಸನ್ನಿಗೆ ಅಂತ್ಯ ಅನ್ನುವುದೇ ಇಲ್ಲ. ಇವತ್ತು ಮೊದಲ ಸಲ ಅದನ್ನು ನೋಡುವವರು ಆ ಜಾಗಕ್ಕೆ ಬಂದಾಗ, ಏನೋ ಎಪಿಸೋಡ್ ತಪ್ಪಿಹೋಗಿದೆ ಅಂದುಕೊಂಡು ಹುಡುಕುತ್ತಾರೆ.

ನನಗೆ ತುಂಬಾ ಹೊಟ್ಟೆ ಉರಿಯುವುದು ಪುಶಿಂಗ್ ಡೈಸೀಸ್ ವಿಷಯಕ್ಕೆ. ಆ ವರ್ಷ ಹೊಸದಾಗಿ ಬಂದ ಸೀರಿಯಲ್ ಅದು, ಬೇರೆ ಯಾವುದರ ಥರವೂ ಇರಲಿಲ್ಲ. ಬಣ್ಣ, ಮಾತು, ನಿರೂಪಣೆ ಎಲ್ಲವೂ ಹೊಸತು. ಒಂಬತ್ತು ಎಪಿಸೋಡ್ ಬಂತು, ಜನ ಇಷ್ಟಪಟ್ಟರು, ಮುಷ್ಕರ ಬಂತು. ಡಿಸೆಂಬರ್‌ನಲ್ಲಿ ನಿಂತದ್ದು ವಾಪಸ್ ಬಂದದ್ದು ಮುಂದಿನ ಅಕ್ಟೋಬರ್‌ನಲ್ಲಿ. ಹತ್ತು ತಿಂಗಳಲ್ಲಿ ಜನ ಮರೆತಿದ್ದರು. ಎರಡನೇ ಸೀಸನ್ನಿಗೆ ಅದನ್ನು ಮುಚ್ಚಿದರು. ಹಳೆಯ ದೊಡ್ಡ ಸೀರಿಯಲ್‌ಗಳು ಹೇಗೋ ತಡೆದುಕೊಳ್ಳುತ್ತವೆ, ಅವಕ್ಕೆ ಬೇರು ಇಳಿದಿರುತ್ತದೆ. ಈಗ ತಾನೇ ಚಿಗುರಿದ್ದು ಒಣಗುತ್ತದೆ. ಮುಷ್ಕರದ ನಷ್ಟವನ್ನು ನೀವು ಡಾಲರ್‌ನಲ್ಲಿ ಲೆಕ್ಕ ಹಾಕುವಾಗ ಇಂಥದ್ದು ಯಾವ ಕಾಲಂನಲ್ಲಿ ಬರುತ್ತದೆ?

ಇಲ್ಲಿ ಒಂದು ಮಾತು ಹೇಳಲೇಬೇಕು. ಅದೇ ಮುಷ್ಕರದಿಂದ ಬ್ರೇಕಿಂಗ್ ಬ್ಯಾಡ್‌ನ ಮೊದಲ ಸೀಸನ್ ಒಂಬತ್ತರ ಬದಲು ಏಳು ಎಪಿಸೋಡ್ ಆದದ್ದರಿಂದ ಅದಕ್ಕೆ ಒಳ್ಳೆಯದೇ ಆಯಿತು, ಕಥೆಯ ಬಗ್ಗೆ ಮತ್ತೆ ಯೋಚಿಸಲು ಸಮಯ ಸಿಕ್ಕಿತು ಅಂತ ಕೆಲವರು ವಾದಿಸುತ್ತಾರೆ. ಇರಬಹುದು. ಹಾಗಿದ್ದರೆ ಅದರಿಂದ ಕಲಿಯಬೇಕಾದದ್ದು ಏನು? ಬರೆಯುವವರಿಗೆ ಯೋಚಿಸುವ ಸಮಯ ಕೊಟ್ಟರೆ ಬರಹ ಚೆನ್ನಾಗಿ ಬರುತ್ತದೆ ಅಂತ ಅಲ್ವಾ? ಆ ಸಮಯವನ್ನು ಸಂಬಳದ ಜೊತೆಗೇ ಕೊಡಬಹುದು, ಅದಕ್ಕೆ ಅವರು ಬೀದಿಯಲ್ಲಿ ಫಲಕ ಹಿಡಿದು ನಡೆಯಬೇಕಾಗಿಲ್ಲ.

ಖಾಲಿ ಜಾಗ ತುಂಬುವ ನಿಮ್ಮ ಪದ್ಧತಿ ಹೊಸದೇನಲ್ಲ. 1988ರಲ್ಲಿ ಮಾರ್ಚ್ 7ರಿಂದ ಆಗಸ್ಟ್ 7ರವರೆಗೆ ಐದು ತಿಂಗಳು ಬರಹಗಾರರು ಹೊರಗಿದ್ದರು. ಆಗ ಎಬಿಸಿ ಮಿಷನ್ ಇಂಪಾಸಿಬಲ್ ಅನ್ನು ಮತ್ತೆ ಎಬ್ಬಿಸಿ, ಕೆಲವು ಎಪಿಸೋಡ್‌ಗಳಿಗೆ ಹಳೆಯ ಸೀರಿಯಲ್‌ನ ಸ್ಕ್ರಿಪ್ಟ್‌ಗಳನ್ನೇ ಬಳಸಿತು. ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್ ಎರಡನೇ ಸೀಸನ್ 26ರಿಂದ 22ಕ್ಕೆ ಇಳಿಯಿತು, ಅದರ ಮೊದಲ ಎಪಿಸೋಡ್ 1970ರ ದಶಕದಲ್ಲಿ ಕೈಬಿಟ್ಟಿದ್ದ ಇನ್ನೊಂದು ಸ್ಟಾರ್ ಟ್ರೆಕ್ ಯೋಜನೆಯ ಸ್ಕ್ರಿಪ್ಟಿನಿಂದ ಆದದ್ದು. ಮರುವರ್ಷ ಮಾರ್ಚ್‌ನಲ್ಲಿ ಫಾಕ್ಸ್‌ನಲ್ಲಿ ಕಾಪ್ಸ್ ಶುರುವಾಯಿತು. ಬರಹಗಾರರೂ ಬೇಡ, ನಟರೂ ಬೇಡ, ಪೊಲೀಸರ ಹಿಂದೆ ಕ್ಯಾಮೆರಾ ಹಿಡಿದು ಓಡಿದರೆ ಸಾಕು. ಕಡಿಮೆ ಖರ್ಚಿನಲ್ಲಿ ಗಂಟೆ ತುಂಬುತ್ತದೆ ಅಂತ ಆಗ ಕಲಿತದ್ದನ್ನು 2008ರಲ್ಲೂ ಬಳಸಿದಿರಿ. ಬೇಸಿಗೆಯಲ್ಲಿ ಬರುತ್ತಿದ್ದ ಬಿಗ್ ಬ್ರದರ್ ಆ ವರ್ಷ ಚಳಿಗಾಲದಲ್ಲೂ ಬಂತು. ಕೇಬಲ್‌ನಲ್ಲಿ ದುಡ್ಡು ಕೊಟ್ಟು ನೋಡಬೇಕಿದ್ದ ಡೆಕ್ಸ್‌ಟರ್ ಅನ್ನು ಕತ್ತರಿಸಿ ಸಿಬಿಎಸ್‌ನಲ್ಲಿ ಹಾಕಿದಿರಿ.

ರಿಯಾಲಿಟಿ ಶೋ ನೋಡುವವರನ್ನು ನಾನು ಹಳಿಯುತ್ತಿಲ್ಲ. ಚೆನ್ನಾಗಿರುವವೂ ಇವೆ, ಅವುಗಳ ಹಿಂದೆಯೂ ದುಡಿಯುವ ಜನ ಇದ್ದಾರೆ, ಅವರಲ್ಲಿ ಹೆಚ್ಚಿನವರಿಗೆ ಗಿಲ್ಡ್ ಒಪ್ಪಂದದ ರಕ್ಷಣೆ ಕೂಡ ಇಲ್ಲ. ನನ್ನ ತಕರಾರು ಇರುವುದು ಅವುಗಳನ್ನು ಆಯುಧದ ಥರ ಬಳಸುವುದಕ್ಕೆ. "ನೀವು ಇಲ್ಲದಿದ್ದರೂ ನಮಗೆ ನಡೆಯುತ್ತದೆ" ಅಂತ ಬರಹಗಾರರಿಗೆ ತೋರಿಸಲು ನೀವು ಹಾಕುವ ಕಾರ್ಯಕ್ರಮವನ್ನು ನೋಡಬೇಕಾದವರು ನಾವು. ನಡೆಯುವುದಿಲ್ಲ, ನಮಗೆ ನಡೆಯುವುದಿಲ್ಲ. ಜನ ಟಿವಿ ಆರಿಸಿ ಬೇರೆ ಕಡೆ ಹೋಗುತ್ತಾರೆ. ಒಂದು ಸಲ ತಪ್ಪಿದ ಅಭ್ಯಾಸ ಸುಲಭಕ್ಕೆ ವಾಪಸ್ ಬರುವುದಿಲ್ಲ.

ಅವರು ಕೇಳಿದ್ದಾದರೂ ಏನು? ಗಿಲ್ಡ್‌ನ ಅಂಕಿಅಂಶದ ಪ್ರಕಾರ 2013-14ರಲ್ಲಿ ಟಿವಿ ಸೀರಿಯಲ್ ಬರೆಯುವವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಗಿಲ್ಡ್ ಒಪ್ಪಂದದ ಕನಿಷ್ಠ ವೇತನದ ಮಟ್ಟದಲ್ಲಿದ್ದರು, 2023ರ ಹೊತ್ತಿಗೆ ಸುಮಾರು ಅರ್ಧದಷ್ಟು ಜನ. ಮೊದಲು ಒಂದು ಸೀಸನ್ ಅಂದರೆ 22 ಎಪಿಸೋಡ್, ವರ್ಷದ ಬಹುಪಾಲು ಕೆಲಸ. ಈಗ ಎಂಟೋ ಹತ್ತೋ. ಸೀರಿಯಲ್ ಮಾಡುತ್ತೇವೋ ಇಲ್ಲವೋ ಅಂತ ನೀವು ತೀರ್ಮಾನಿಸುವುದಕ್ಕೂ ಮೊದಲೇ ಮೂರು ನಾಲ್ಕು ಜನರನ್ನು ಕೆಲವು ವಾರಕ್ಕೆ ಕೂರಿಸಿ ಎಲ್ಲ ಕಥೆ ಬರೆಸಿಕೊಂಡು ಕಳಿಸುತ್ತಿದ್ದಿರಿ. ಇದಕ್ಕೆ ಮಿನಿ ರೂಮ್ ಅಂತ ಹೆಸರು. ಶೂಟಿಂಗ್ ನಡೆಯುವಾಗ ಬರೆದವರು ಸೆಟ್‌ನಲ್ಲಿ ಇರುತ್ತಿರಲಿಲ್ಲ. ದೃಶ್ಯ ಯಾಕೆ ಕೂರುತ್ತಿಲ್ಲ, ಮಾತು ನಟನ ಬಾಯಿಗೆ ಯಾಕೆ ಬರುತ್ತಿಲ್ಲ, ಮಳೆ ಬಂದು ಹೊರಗಿನ ದೃಶ್ಯವನ್ನು ಒಳಗೆ ತಂದರೆ ಏನು ಬದಲಾಗಬೇಕು ಅನ್ನುವುದನ್ನು ಹೊಸಬರು ಕಲಿಯುತ್ತಿದ್ದದ್ದೇ ಅಲ್ಲಿ. ಹಾಗೆ ಕಲಿತವರೇ ನಾಳೆ ಶೋರನ್ನರ್, ಅಂದರೆ ಇಡೀ ಸೀರಿಯಲ್ ನಡೆಸುವ ಮುಖ್ಯ ಬರಹಗಾರರು, ಆಗುವವರು. ಕಲಿಯುವ ಜಾಗವನ್ನೇ ಮುಚ್ಚಿದರೆ ಹತ್ತು ವರ್ಷದ ನಂತರ ನಿಮ್ಮ ಸೀರಿಯಲ್ ಯಾರು ನಡೆಸುತ್ತಾರೆ?

ಈ ಎಲ್ಲದಕ್ಕೂ ನೀವು ಮೇ 1ಕ್ಕೆ ಕೊಟ್ಟ ಉತ್ತರವನ್ನು ಗಿಲ್ಡ್ ಪಟ್ಟಿ ಮಾಡಿ ಜನರ ಮುಂದೆ ಇಟ್ಟಿತ್ತು. ಒಂದು ಸೀರಿಯಲ್‌ಗೆ ಕನಿಷ್ಠ ಇಷ್ಟು ಬರಹಗಾರರು ಇರಬೇಕು ಅನ್ನುವ ಬೇಡಿಕೆಗೆ ನಿರಾಕರಣೆ, ಬದಲಿ ಪ್ರಸ್ತಾಪವೇ ಇಲ್ಲ. ಕೃತಕ ಬುದ್ಧಿಮತ್ತೆಯಿಂದ (ಎಐ) ರಕ್ಷಣೆ ಕೊಡಿ ಅಂದದ್ದಕ್ಕೆ ನಿರಾಕರಣೆ, ಅದರ ಬದಲು ತಂತ್ರಜ್ಞಾನದ ಬಗ್ಗೆ ಚರ್ಚಿಸಲು ವರ್ಷಕ್ಕೊಂದು ಸಭೆ. ಸೆಪ್ಟೆಂಬರ್‌ನಲ್ಲಿ ನೀವೇ ಸಹಿ ಹಾಕಿದ ಒಪ್ಪಂದದಲ್ಲಿ ಏನಿದೆ? 7ರಿಂದ 12 ಎಪಿಸೋಡಿನ ಸೀಸನ್ನಿಗೆ ಕನಿಷ್ಠ 5 ಬರಹಗಾರರು, 13 ಅಥವಾ ಅದಕ್ಕಿಂತ ಜಾಸ್ತಿ ಆದರೆ 6. ಎಐ ಬರೆದದ್ದನ್ನು ಸಾಹಿತ್ಯ ಅಂತ ಲೆಕ್ಕ ಹಿಡಿಯುವಂತಿಲ್ಲ, ಎಐ ಬಳಸಲೇಬೇಕು ಅಂತ ಬರಹಗಾರರನ್ನು ಒತ್ತಾಯಿಸುವಂತಿಲ್ಲ. ಸ್ಟ್ರೀಮಿಂಗ್‌ನಲ್ಲಿ ಚೆನ್ನಾಗಿ ಓಡಿದ ಸೀರಿಯಲ್‌ಗೆ ಬೋನಸ್. ಮೇ ತಿಂಗಳಲ್ಲಿ ಆಗುವುದೇ ಇಲ್ಲ ಅಂದದ್ದು ಸೆಪ್ಟೆಂಬರ್‌ನಲ್ಲಿ ಆಯಿತು, ಅದರಿಂದ ಯಾವ ಸ್ಟುಡಿಯೋನೂ ಮುಳುಗಲಿಲ್ಲ.

ಇದು ನಿಮ್ಮ ಹಳೆಯ ಚಾಳಿ ಅನ್ನುವುದೇ ನನ್ನ ದೊಡ್ಡ ಬೇಸರ. 1960ರಲ್ಲಿ ಸಿನಿಮಾಗಳು ಟಿವಿಗೆ ಮಾರಾಟವಾಗತೊಡಗಿದಾಗ ಅದರಲ್ಲಿ ಪಾಲು ಬೇಕು ಅಂತ ಬರಹಗಾರರು ತಿಂಗಳುಗಟ್ಟಲೆ ಹೊರಗೆ ನಿಲ್ಲಬೇಕಾಯಿತು. ಅವತ್ತು ಗೆದ್ದ ಮರುಪ್ರಸಾರದ ಪಾಲು, ಪಿಂಚಣಿ, ಆರೋಗ್ಯ ನಿಧಿ ಇವತ್ತಿಗೂ ಅವರ ಬದುಕಿಗೆ ಆಧಾರ. 2007ರಲ್ಲಿ ಇಂಟರ್ನೆಟ್ ಪ್ರಸಾರದಲ್ಲಿ ಪಾಲು ಕೇಳಿದಾಗ ಮೂರು ವರ್ಷ ಅಧ್ಯಯನ ಮಾಡೋಣ ಅಂದಿರಿ. ಅದೇ ವರ್ಷ ನೆಟ್‌ಫ್ಲಿಕ್ಸ್ ಸ್ಟ್ರೀಮಿಂಗ್ ಶುರುಮಾಡಿತ್ತು! ಅವತ್ತು ಅಧ್ಯಯನ, 2023ರಲ್ಲಿ ವಾರ್ಷಿಕ ಸಭೆ. ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಅದು ಎತ್ತ ಹೋಗುತ್ತದೋ ಗೊತ್ತಿಲ್ಲ ಅಂತ ಬರಹಗಾರರ ಹತ್ತಿರ ಹೇಳುತ್ತೀರಿ, ಅದೇ ತಂತ್ರಜ್ಞಾನದಲ್ಲಿ ಭವಿಷ್ಯ ಇದೆ ಅಂತ ಷೇರುದಾರರ ಹತ್ತಿರ ಹೇಳುತ್ತೀರಿ. ಎರಡೂ ಮಾತು ಒಟ್ಟಿಗೆ ನಿಜ ಆಗುವುದಿಲ್ಲ.

ನಿಮ್ಮ ಕಷ್ಟ ನನಗೆ ಕಾಣುವುದಿಲ್ಲ ಅಂತಲ್ಲ. ಕೇಬಲ್ ಚಂದಾದಾರರು ಕಡಿಮೆಯಾಗುತ್ತಿದ್ದಾರೆ, ಜಾಹೀರಾತು ಬೇರೆ ಕಡೆ ಹರಿಯುತ್ತಿದೆ, ಸ್ಟ್ರೀಮಿಂಗ್‌ಗೆ ಸುರಿದ ದುಡ್ಡು ಹಲವು ಕಂಪನಿಗಳಿಗೆ ತಕ್ಷಣ ವಾಪಸ್ ಬರಲಿಲ್ಲ. ನಿಜ. ಆದರೆ ಆ ದುಡ್ಡು ಸುರಿಯಲು ನಿರ್ಧರಿಸಿದ್ದು ಬರಹಗಾರರಲ್ಲ. ಎಲ್ಲರೂ ಒಂದೇ ಸಲ ಸ್ಟ್ರೀಮಿಂಗ್‌ಗೆ ಧುಮುಕಿ, ನಷ್ಟ ಬಂದಾಗ ಎಪಿಸೋಡಿನ ಲೆಕ್ಕದಲ್ಲಿ ಸಂಬಳ ಪಡೆಯುವವರ ಕಡೆ ತಿರುಗಿದರೆ ಅದು ನ್ಯಾಯ ಅಲ್ಲ.

ಬರಹಗಾರರ ಬಗ್ಗೆ ಮಾತ್ರ ಹೇಳಿದರೆ ಅರ್ಧ ಹೇಳಿದಂತೆ. ಮುಷ್ಕರದ ದಿನಗಳಲ್ಲಿ ಲೈಟ್ ಹಿಡಿಯುವವರು, ಮೇಕಪ್ ಮಾಡುವವರು, ಬಟ್ಟೆ ಹೊಲಿಯುವವರು, ಗಾಡಿ ಓಡಿಸುವವರು, ಸೆಟ್‌ಗೆ ಊಟ ತರುವವರು ಎಲ್ಲರೂ ಮನೆಯಲ್ಲಿದ್ದರು. ಒಪ್ಪಂದ ಆದಾಗ ಅವರಿಗೆ ಬೋನಸ್ ಏನೂ ಬರಲಿಲ್ಲ. ಇಷ್ಟು ಗಂಟೆ ದುಡಿದಿದ್ದರೆ ಮಾತ್ರ ಆರೋಗ್ಯ ವಿಮೆ ಅನ್ನುವ ನಿಯಮದ ಕೆಳಗೆ ಬದುಕುವವರಿಗೆ ಐದು ತಿಂಗಳ ಖಾಲಿ ಕ್ಯಾಲೆಂಡರ್ ಏನು ಮಾಡುತ್ತದೆ ಯೋಚಿಸಿ. ಐದು ಲೇಟ್ ನೈಟ್ ನಿರೂಪಕರು ಸೇರಿ ಪಾಡ್‌ಕಾಸ್ಟ್ ಮಾಡಿ, ಬಂದ ದುಡ್ಡನ್ನು ತಮ್ಮ ಸಿಬ್ಬಂದಿಗೆ ಕೊಟ್ಟರು. ಅದೇ ಬೇಸಿಗೆಯಲ್ಲಿ ಹೆಸರು ಹೇಳದ ಒಬ್ಬ ಅಧಿಕಾರಿ, ಬರಹಗಾರರು ಮನೆ ಕಳೆದುಕೊಳ್ಳುವವರೆಗೆ ಎಳೆಯುವುದೇ ಉದ್ದೇಶ ಅನ್ನುವ ಅರ್ಥದಲ್ಲಿ ಒಂದು ಸುದ್ದಿತಾಣಕ್ಕೆ ಹೇಳಿದ್ದರು. ಆ ಮಾತು ನಮ್ಮದಲ್ಲ ಅಂತ ನಿಮ್ಮ ಒಕ್ಕೂಟ ಎಎಂಪಿಟಿಪಿ ಹೇಳಿತು. ನಂಬುತ್ತೇನೆ. ಆದರೆ ಆ ಮಾತು ನಿಮ್ಮದಲ್ಲ ಅಂತ ತೋರಿಸಲು ಇದ್ದ ಸುಲಭದ ದಾರಿ ಮರುದಿನವೇ ಮಾತುಕತೆಗೆ ಕರೆಯುವುದು. ನೀವು ಕರೆಯಲಿಲ್ಲ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಒಪ್ಪಂದಗಳಿಗೆ ಅವಧಿ ಇದೆ, ಅದು ಮುಗಿಯುವ ದಿನ ನಿಮಗೆ ವರ್ಷಗಳ ಮೊದಲೇ ಗೊತ್ತು. ಆ ದಿನ ಹತ್ತಿರ ಬರುವ ಮೊದಲು, ತಿಂಗಳುಗಳ ಮೊದಲೇ, ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಇರುವವರು ಸ್ವತಃ ಕೂರಿ, ವಕೀಲರನ್ನು ಮಾತ್ರ ಕಳಿಸಬೇಡಿ. ಬೇಡಿಕೆ ಒಪ್ಪದಿದ್ದರೆ ಯಾಕೆ ಒಪ್ಪುವುದಿಲ್ಲ ಅಂತ ಲೆಕ್ಕ ಸಮೇತ ಹೇಳಿ, ಬದಲಿ ಪ್ರಸ್ತಾಪ ಇಡಿ. ಯಾವ ಸೀರಿಯಲ್ ಎಷ್ಟು ಜನ ನೋಡಿದರು ಅನ್ನುವುದನ್ನು ಬರೆದವರಿಂದಲೂ ನೋಡಿದ ನಮ್ಮಿಂದಲೂ ಮುಚ್ಚಿಡಬೇಡಿ. 2023ರ ಒಪ್ಪಂದದಲ್ಲಿ ಗಿಲ್ಡ್‌ಗೆ ಗುಟ್ಟಾಗಿ ಕೊಡುತ್ತೇವೆ ಅಂದ ಆ ಅಂಕಿಗಳು ಬಹಿರಂಗವಾಗಿಯೇ ಇರಲಿ. ಮುಷ್ಕರದಿಂದ ಒಂದು ಸೀಸನ್ ತುಂಡಾಗಿದ್ದರೆ, ಎಪಿಸೋಡ್ ಕಡಿಮೆಯಾಗಿದ್ದರೆ, ಅದನ್ನು ಆ ಸೀರಿಯಲ್‌ನ ಪುಟದಲ್ಲೇ ಎರಡು ಸಾಲು ಬರೆದು ತಿಳಿಸಿ. ಬೈಗುಳ ಬರೆದವರ ತಲೆಗೆ ಕಟ್ಟಬೇಡಿ. ಮತ್ತೆ, ಮುಷ್ಕರದ ನಂತರ ವಾಪಸ್ ಬರುವ ಹೊಸ ಸೀರಿಯಲ್‌ಗೆ ಕನಿಷ್ಠ ಒಂದು ಪೂರ್ತಿ ಸೀಸನ್ ಅವಕಾಶ ಕೊಡಿ, ಮೊದಲ ಎರಡು ವಾರದ ರೇಟಿಂಗ್ ನೋಡಿ ಕತ್ತು ಹಿಸುಕಬೇಡಿ. ನಿಲ್ಲಿಸಿದ್ದರಲ್ಲಿ ಅದರ ತಪ್ಪು ಏನೂ ಇರಲಿಲ್ಲ.

ಇಂತಿ,
ನಿಮ್ಮ ಕಾರ್ಯಕ್ರಮಗಳ ಒಬ್ಬ ವೀಕ್ಷಕ